ಘಾಟು ಕಮ್ಮಿ ಇರೋ ಪಾಲಿಶ್ ಯಾವುದು?

ಕುರ್ಚಿಗೆ ಪಾಲಿಶ್ ಹೊಡೆಸಿದ್ರೆ ದಿನಗಟ್ಟಲೆ ಮನೆಯೆಲ್ಲಾ ಘಾಟು! ಮೆಲಮೈನ್, ಎನ್‌ಸಿ ಲ್ಯಾಕರ್ ಒಣಗುವಾಗ ಗಾಳಿಗೆ ಸೇರೋದು ಥಿನ್ನರ್.

ಊಟದ ಮೇಜಿಗಾ? ವಾಟರ್ ಬೇಸ್ಡ್ ಪಿಯು ಕೇಳಿ. ಘಾಟು ಕಮ್ಮಿ, ಬೇಗ ಒಣಗುತ್ತೆ.

ಅರಗಿನ ಸ್ಪಿರಿಟ್ ಪಾಲಿಶ್ ವಾಸನೆಯೂ ಬೇಗ ಹೋಗುತ್ತೆ. ಆದ್ರೆ ಬಿಸಿ ಲೋಟ ಇಟ್ರೆ ಬಿಳಿ ಕಲೆ ಬೀಳುತ್ತೆ.

ಕೆತ್ತನೆಯ ಗಣಪನಿಗೆ ಜೇನುಮೇಣ ಸಾಕು. ತೆಳ್ಳಗೆ ಹಚ್ಚಿ, ಬ್ರಷ್‌ನಲ್ಲಿ ಉಜ್ಜಿ. ಜಾಸ್ತಿಯಾದ್ರೆ ಸಂದಿಯಲ್ಲಿ ಕೂತು ಧೂಳು ಹಿಡಿಯುತ್ತೆ.

ಚನ್ನಪಟ್ಟಣದ ಗೊಂಬೆಗೆ ಥಿನ್ನರೇ ಬೇಡ: ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿದ್ರೆ, ಉಜ್ಜಿದ ಬಿಸಿಗೇ ಬಣ್ಣ ಕರಗಿ ಅಂಟುತ್ತೆ.

ನೆನಪಿಡಿ, ವಾಸನೆ ಇಲ್ಲ ಅಂದ್ರೆ ಆವಿಯೂ ಇಲ್ಲ ಅಂತಲ್ಲ. ಡಬ್ಬದ ಮೇಲಿನ ವಿಒಸಿ (ಆವಿಯಾಗಿ ಗಾಳಿಗೆ ಸೇರೋ ರಾಸಾಯನಿಕ) ಅಂಕಿ ಕಮ್ಮಿ ಇರೋದನ್ನ ನೋಡಿ ಕೊಳ್ಳಿ. ಹಚ್ಚುವಾಗ ಕಿಟಕಿ ತೆಗೆದಿಡಿ.