ವ್ಯೋಮದಲ್ಲಿ ಮೊಳೆತ ಹೆಸರುಕಾಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಮನೆಗಳಲ್ಲಿ ಹೆಸರುಕಾಳನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು ಎಲ್ಲರೂ ಬಲ್ಲ ಕಾರ್ಯ. ಮಣ್ಣಿನಲ್ಲಿ ಕಾಳು ಹೇಗೆಯೇ ಬಿದ್ದಿರಲಿ, ಬೇರು ಕೆಳಕ್ಕೂ ಕುಡಿ ಮೇಲಕ್ಕೂ ತಿರುಗುತ್ತದೆ. ಬೇರಿನ ತುದಿಯ ಕೋಶಗಳಲ್ಲಿರುವ ಭಾರವಾದ ಪಿಷ್ಟಕಣಗಳು ತಳಕ್ಕೆ ಇಳಿದು ದಿಕ್ಕನ್ನು ಸೂಚಿಸುತ್ತವೆ. ಆ ಕಣಗಳು ಇಳಿಯಲಾರದ ಎಡೆಯಲ್ಲಿ ಬೀಜದ ಗತಿಯೇನು?

2025ರ ಜೂನ್ 26ರಂದು ಆಕ್ಸಿಯಮ್-4 ಯಾನದ ನಾಲ್ವರು ಅಂತರರಾಷ್ಟ್ರೀಯ ವ್ಯೋಮನಿಲ್ದಾಣವನ್ನು ಸೇರಿದರು. ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ ಅವರು ಆ ನಿಲ್ದಾಣವನ್ನು ಪ್ರವೇಶಿಸಿದ ಮೊದಲ ಭಾರತೀಯರು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಅಲ್ಲಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯೂ ರೂಪಿಸಿದ ಪ್ರಯೋಗದಂತೆ ಅವರು ಹೆಸರು ಮತ್ತು ಮೆಂತ್ಯದ ಬೀಜಗಳನ್ನು ಮೊಳೆಯಿಸಿ, ಮೊಳಕೆಗಳನ್ನು ಶೀತಲ ಪೆಟ್ಟಿಗೆಯಲ್ಲಿ ಇರಿಸಿದರು. ಜುಲೈ 15ರಂದು ತಂಡವು ಭೂಮಿಗೆ ಮರಳಿತು.

ಅಲ್ಲಿ ಗುರುತ್ವವೇ ಇಲ್ಲವೆಂದು ನಾವು ಭಾವಿಸಬಾರದು. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿಯೂ ಅದು ನೆಲದ ಮೇಲಿರುವುದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟಿದೆ. ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಿಂದ ಸಾಗುವ ನಿಲ್ದಾಣವು ಭೂಮಿಯ ಸುತ್ತ ಎಡೆಬಿಡದೆ ಬೀಳುತ್ತಲೇ ಇರುತ್ತದೆ. ಗೋಡೆ, ನೀರು, ಮನುಷ್ಯ, ಬೀಜ ಎಲ್ಲವೂ ಒಟ್ಟಿಗೆ ಬೀಳುವುದರಿಂದ ಪಿಷ್ಟಕಣಗಳಿಗೆ ತಳವೆಂಬುದೇ ಇಲ್ಲ. ಬೇರು ತೇವ, ಬೆಳಕುಗಳ ಸೂಚನೆಯನ್ನೇ ನೆಚ್ಚಬೇಕಾಗುತ್ತದೆ.

ಈ ವಿಚಾರಣೆಯ ಪ್ರಯೋಜನವು ಸ್ಪಷ್ಟವಾಗಿದೆ. ಮಣ್ಣಿಲ್ಲದೆ, ಅಲ್ಪ ಜಲದಿಂದ, ಕೆಲವೇ ದಿನಗಳಲ್ಲಿ ತಾಜಾ ಆಹಾರವಾಗುವುದು ಮೊಳಕೆ. ತಿಂಗಳುಗಟ್ಟಲೆ ದೂರದ ಯಾನದಲ್ಲಿ, ಭೂಮಿಯಿಂದ ದವಸ ತಲುಪದಿರುವಾಗ, ಒಂದು ಹಿಡಿ ಕಾಳು ಯಾತ್ರಿಕರ ಆರೋಗ್ಯವನ್ನು ಕಾಯಬಹುದು. ನಮ್ಮ ಅಡುಗೆಮನೆಯ ಹಳೆಯ ಜ್ಞಾನವು ಹೀಗೆ ವ್ಯೋಮದಲ್ಲಿ ಪರೀಕ್ಷೆಗೆ ನಿಂತಿದೆ.