ಕಬ್ಬನ್ ಪಾರ್ಕಿನ ಎದುರು ಒಂದು ಮಧ್ಯಾಹ್ನ

ಮಕ್ಕಳು ಬೆಂಗಳೂರಿನಲ್ಲಿರುವ ಸೋದರಿಯರೇ, ಅವರ ಮನೆಗೆ ಹೋದಾಗ ನಿಮ್ಮನ್ನು ಎಲ್ಲೆಲ್ಲಿ ಸುತ್ತಾಡಿಸುತ್ತಾರೆ? ಲಾಲ್‌ಬಾಗು, ಒಂದು ದೇವಸ್ಥಾನ, ಎರಡು ಸೀರೆ ಅಂಗಡಿ. ಈಶ್ವರಮಂಗಲದಿಂದ ಪುತ್ತೂರಿಗೆ, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಘಾಟಿ ಹತ್ತಿ ಹೋಗುವ ನನ್ನ ಕಥೆಯೂ ಅಷ್ಟೇ ಆಗಿತ್ತು. 2023ರ ಬೇಸಿಗೆ ರಜೆಯಲ್ಲಿ ಮಾತ್ರ ಮಗಳು, "ಅಮ್ಮ, ಚಿತ್ರ ನೋಡಲು ಹೋಗುವ" ಎಂದಳು. ನಾನು ಸಿನಿಮಾ ಎಂದುಕೊಂಡು ಹೊಸ ಸೀರೆ ಉಟ್ಟೆ!

ಮೆಟ್ರೋ ಇಳಿದು ಕಸ್ತೂರ್ಬಾ ರಸ್ತೆಗೆ ಬಂದೆವು. ಒಂದು ಬದಿ ಕಬ್ಬನ್ ಪಾರ್ಕಿನ ಮರಗಳ ನೆರಳು, ಎದುರು ಬದಿಯಲ್ಲಿ ಐದು ಅಂತಸ್ತಿನ ಕಟ್ಟಡ. ಮೈತುಂಬ ಲೋಹದ ಹಲಗೆ, ಪ್ರತಿ ಹಲಗೆಯಲ್ಲೂ ಉಬ್ಬಿದ ಅಡ್ಡಗೆರೆ. "ಇದೇನು ನೀರಿನ ಟ್ಯಾಂಕಾ?" ಎಂದು ಕೇಳಿಯೇಬಿಟ್ಟೆ. ಮಗಳು ನಕ್ಕಳು. ಆಮೇಲೆ ತಿಳಿಯಿತು, ಕಟ್ಟಿದವರ ಮನಸ್ಸಿನಲ್ಲಿದ್ದುದೂ ನೀರಿನ ಟ್ಯಾಂಕೇ! ಅದು ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಚಿಕ್ಕದಾಗಿ 'ಮ್ಯಾಪ್'. ಅದೇ ವರ್ಷದ ಫೆಬ್ರವರಿಯಲ್ಲಿ ಬಾಗಿಲು ತೆರೆದಿತ್ತು.

ಒಳಗೆ ಕಾಲಿಡಲು ಅಂಜಿಕೆ. ಅರ್ಥವಾಗದಿದ್ದರೆ? ಪಕ್ಕದಲ್ಲಿದ್ದವರು ನಕ್ಕರೆ? ಸುಮ್ಮನೆ ಹೇಳುತ್ತೇನೆ ಕೇಳಿ, ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಅರ್ಥವಾಗದ್ದನ್ನು ದಾಟಿ ಮುಂದೆ ಹೋದರಾಯಿತು. ನಾನಂತೂ ಹತ್ತರಲ್ಲಿ ಆರನ್ನು ಹಾಗೇ ದಾಟಿದೆ.

ನಮ್ಮ ಕೋಟೇಶ್ವರದ ಶಿಲ್ಪಿ ಎಲ್. ಎನ್. ತಲ್ಲೂರರ ಪ್ರದರ್ಶನಕ್ಕೆ 'ಚಿರಾಗ್-ಎ-ಎಐ' ಎಂದು ಹೆಸರು. ಚಿರಾಗ್ ಎಂದರೆ ದೀಪ, ಎಐ ಎಂದರೆ ಈಗ ಎಲ್ಲರ ಬಾಯಲ್ಲಿರುವ ಯಂತ್ರದ ಬುದ್ಧಿ. ನಮ್ಮ ಕರಾವಳಿಯವರೇ ಎಂದ ಮೇಲೆ ಸ್ವಲ್ಪ ಧೈರ್ಯ ಬಂತು.

ಇನ್ನೊಂದು ಪ್ರದರ್ಶನ ಪೂರ್ತಿ ಹೆಂಗಸರ ಕುರಿತೇ. ಕಲೆಯಲ್ಲಿ ಹೆಣ್ಣು ಎಲ್ಲೆಲ್ಲೂ ಕಾಣುತ್ತಾಳೆ, ದೇವಿಯಾಗಿ, ನಾಯಿಕೆಯಾಗಿ, ತಾಯಿಯಾಗಿ. ಆದರೆ ಮಾಡಿದವಳಾಗಿ ಕಾಣುವುದು ಎಷ್ಟು ಸಲ? ಇದೇ ಅದರ ಪ್ರಶ್ನೆ. ಈ ಮ್ಯೂಸಿಯಂ ಬಣ್ಣದ ಚಿತ್ರಗಳನ್ನಷ್ಟೇ ಅಲ್ಲ, ಹಳೆಯ ಫೋಟೋ, ಸಿನಿಮಾ ಪೋಸ್ಟರು, ಬಟ್ಟೆಬರೆಗಳನ್ನೂ ಕೂಡಿಡುತ್ತದೆ. ಬಂಗಾಳದ ಕಾಂತಾ ಗೊತ್ತುಂಟಲ್ಲ? ಹಳೆ ಸೀರೆಗಳನ್ನು ಪದರ ಪದರವಾಗಿ ಇಟ್ಟು, ಸಣ್ಣ ಓಟದ ಹೊಲಿಗೆ ಹಾಕಿ ಮಾಡುವ ಹೊದಿಕೆ. ಮನೆಯ ಹೆಂಗಸರು ಕೆಲಸ ಮುಗಿದ ಹೊತ್ತಿನಲ್ಲಿ ಹೊಲಿದದ್ದು. ಹೊಲಿದವರ ಹೆಸರು ಹೆಚ್ಚಿನವಕ್ಕೆ ಇಲ್ಲ.

ಆ ಮಾತು ಬಂದಾಗ ನನ್ನ ಹೊಟ್ಟೆಯೊಳಗೆ ಏನೋ ಹಿಂಡಿದಂತಾಯಿತು. ಯಾಕೆಂದು ಆಮೇಲೆ ಹೇಳುತ್ತೇನೆ.

ನೀವು ಹೋಗುವುದಾದರೆ ಸೋಮವಾರ ಬೇಡ, ಅಂದು ರಜೆ. ಮೆತ್ತಗಿನ ಚಪ್ಪಲಿ ಹಾಕಿಕೊಳ್ಳಿ, ನಿಂತೇ ಕಾಲು ಸೋಲುತ್ತದೆ. ಪ್ರದರ್ಶನಗಳು ಬದಲಾಗುತ್ತಿರುತ್ತವೆ, ನಾನು ನೋಡಿದ್ದೇ ನಿಮಗೂ ಸಿಕ್ಕೀತೆಂದು ಎಣಿಸಬೇಡಿ. ಇನ್ನೊಂದು ದಿನ ಸಿಕ್ಕಿದರೆ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಗೆ ಹೋಗಿ. 2009ರಿಂದ ಅಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಉಂಟು. ಅದಕ್ಕೂ ಸೋಮವಾರವೇ ರಜೆ. ದೊಡ್ಡ ಮರಗಳಿರುವ ಅಂಗಳ. ಚಿತ್ರ ಸಾಕೆನಿಸಿದರೆ ಕೂರಬಹುದು.

ಇನ್ನು ನನ್ನ ಸಂಗತಿ. ನಮ್ಮತ್ತೆ ಹರಿದ ಸೀರೆಗಳನ್ನು ಸೇರಿಸಿ ಬಾಣಂತಿಯರಿಗೆ, ಕೂಸುಗಳಿಗೆ ಹಚ್ಚಡ ಹೊಲಿಯುತ್ತಿದ್ದರು. ಮೂಲೆಯಲ್ಲಿ ಕೆಂಪು ನೂಲಿನ ಒಂದು ಚಿಕ್ಕ ಹೂವು, ಪ್ರತಿಯೊಂದಕ್ಕೂ. ಅವರು ಹೋದ ಮೇಲೆ ನಾನೇನು ಮಾಡಿದೆ? ಕತ್ತರಿಸಿ ನೆಲ ಒರೆಸುವ ಬಟ್ಟೆ ಮಾಡಿದೆ. ಚೆನ್ನಾಗಿ ನೀರು ಹೀರುತ್ತದೆ ಎಂದು ನೆರೆಮನೆಗೂ ಎರಡು ಕೊಟ್ಟೆ.

ಊರಿಗೆ ಬಂದವಳೇ ಅಟ್ಟ ಹುಡುಕಿದೆ. ಇಲ್ಲ. ಕೊನೆಗೆ ಸಿಕ್ಕಿದ್ದು ಬಚ್ಚಲ ಕೊಟ್ಟಿಗೆಯಲ್ಲಿ, ಹಂಡೆಯ ಮಸಿ ಹಿಡಿಯಲು ಇಟ್ಟಿದ್ದ ಒಂದು ತುಂಡು. ಮೂರು ಸಲ ಸೋಪು ಹಾಕಿ ಒಗೆದೆ. ಮಸಿ ಪೂರ್ತಿ ಹೋಗಲಿಲ್ಲ. ಹೂವು ಮಾತ್ರ ಇತ್ತು, ಅರ್ಧ. ಮಗಳಿಗೆ ಫೋನು ಮಾಡಿ ಅಜ್ಜಿಯ ಹೂವು ಸಿಕ್ಕಿತೆಂದೆ. "ಕತ್ತರಿ ಮುಟ್ಟಿಸಬೇಡ, ನಾನು ಬರುವವರೆಗೆ ಹಾಗೇ ಇಡು" ಎಂದಳು.