ಹಳೆಯ ಔಷಧ, ಹೊಸ ಬೆಲೆ

ಖಿನ್ನತೆಯೆಂಬ ಮನೋವ್ಯಾಧಿಯನ್ನು ಹೇಡಿತನವೆಂದೋ ಗ್ರಹಚಾರವೆಂದೋ ತಿಳಿಯುವವರು ವಿದ್ಯಾವಂತರಲ್ಲಿಯೂ ಉಂಟು. ಅದು ಔಷಧಕ್ಕೆ ಬಗ್ಗುವ ರೋಗವೇ ಸರಿ. ಆದರೆ ರೂಢಿಯ ಗುಳಿಗೆಗಳು ಗುಣ ತೋರಲು ವಾರಗಳು ಹಿಡಿಯುತ್ತವೆ. ಕೆಲವರಿಗೆ ತೋರುವುದೇ ಇಲ್ಲ. ಪ್ರಾಣತ್ಯಾಗದ ಯೋಚನೆಯಲ್ಲಿರುವ ರೋಗಿಗೆ ವಾರಗಳ ಅವಧಿಯು ಅತಿ ದೀರ್ಘವಾದುದು. ಇಂಥವರಲ್ಲಿ ಅನೇಕರಿಗೆ ಕೆಟಮಿನ್ ಎಂಬ ಔಷಧವು ಕೆಲವೇ ಗಂಟೆಗಳಲ್ಲಿ ಉಪಶಮನ ಕೊಡುವುದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ.

ಕೆಟಮಿನ್ ಹೊಸದೇನಲ್ಲ. 1962ರಲ್ಲಿ ಅಮೆರಿಕದ ಪಾರ್ಕ್-ಡೇವಿಸ್ ಕಂಪೆನಿಗಾಗಿ ರಸಾಯನಜ್ಞ ಕಾಲ್ವಿನ್ ಸ್ಟೀವನ್ಸ್ ಇದನ್ನು ತಯಾರಿಸಿದನು. 1970ರಲ್ಲಿ ಅರಿವಳಿಕೆಯ ಮದ್ದಾಗಿ ಅಂಗೀಕೃತವಾಗಿ, ವಿಯೆಟ್ನಾಂ ಯುದ್ಧದ ಗಾಯಾಳುಗಳಿಗೆ ಒದಗಿತು. ಖಿನ್ನತೆಯ ಮೇಲೆ ಇದರ ಗುಣವನ್ನು ಯೇಲ್ ವಿಶ್ವವಿದ್ಯಾಲಯದ ವೈದ್ಯರು 2000ದಲ್ಲಿ ಪ್ರಕಟಿಸಿದರು. 2023ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ, ಇತರ ಔಷಧಗಳಿಗೆ ಜಗ್ಗದ ರೋಗಿಗಳ ಪೈಕಿ ಕೆಟಮಿನ್ ಪಡೆದವರಲ್ಲಿ ನೂರಕ್ಕೆ 55 ಮಂದಿಗೂ, ಮಿದುಳಿಗೆ ವಿದ್ಯುತ್ತು ಹಾಯಿಸುವ ಚಿಕಿತ್ಸೆ ಪಡೆದವರಲ್ಲಿ 41 ಮಂದಿಗೂ ಗುಣ ಕಂಡಿತು.

ಆದರೆ ಪೇಟೆಂಟು ತೀರಿದ ಮದ್ದಿನಲ್ಲಿ ವ್ಯಾಪಾರಿಗೆ ಹೆಚ್ಚಿನ ಲಾಭವೆಲ್ಲಿಯದು? ಕೆಟಮಿನ್ನಿನ ಅಣುವಿಗೆ ಎಡಗೈ ಬಲಗೈಗಳಂತೆ ಎರಡು ರೂಪಗಳುಂಟು. ಅವುಗಳಲ್ಲೊಂದನ್ನು ಬೇರ್ಪಡಿಸಿ, ಎಸ್ಕೆಟಮಿನ್ ಎಂಬ ಹೆಸರಿನಿಂದ ಮೂಗಿಗೆ ಸಿಂಪಡಿಸುವ ಮದ್ದನ್ನಾಗಿಸಿ, ಜಾನ್ಸನ್ ಅಂಡ್ ಜಾನ್ಸನ್ ಕಂಪೆನಿಯು 2019ರಲ್ಲಿ ಅಮೆರಿಕ ಸರಕಾರದ ಅಪ್ಪಣೆ ಪಡೆಯಿತು. ಒಂದು ಸಲದ ಮದ್ದಿಗೆ 590ರಿಂದ 885 ಡಾಲರುಗಳ ಬೆಲೆ ಕಟ್ಟಿತು. ಅಗ್ಗದ ಮೂಲ ಔಷಧವಾದರೋ ಯಾವ ಮನೋವ್ಯಾಧಿಗೂ ಅಂಗೀಕೃತವಾಗಿಲ್ಲವೆಂದು ಅಲ್ಲಿಯ ಔಷಧ ಇಲಾಖೆಯವರು 2023ರಲ್ಲಿ ಎಚ್ಚರಿಸಬೇಕಾಯಿತು. ಧನಿಕನಿಗೆ ಅಂಗೀಕೃತ ಮದ್ದು, ಬಡವನಿಗೆ ಅನುಮಾನದ ಮದ್ದು ಎಂಬ ಈ ಭೇದವನ್ನು ನಾವು ಒಪ್ಪಲಾರೆವು.

ಹಾಗೆಂದು ಇದನ್ನು ಅಂಗಡಿಯ ಸರಕಾಗಿಸಬೇಕೆಂದು ನಾವು ಹೇಳುವುದಿಲ್ಲ. ಇದರಿಂದ ರಕ್ತದೊತ್ತಡವೇರುತ್ತದೆ, ಮೈಮೇಲಿನ ಪರಿವೆ ತಪ್ಪುತ್ತದೆ. ಗುಣವು ಬಹುಮಟ್ಟಿಗೆ ಕೆಲವು ದಿನಗಳಲ್ಲಿಯೇ ಇಳಿಯುತ್ತದೆ. ಚಟವಾದರೆ ಮೂತ್ರಕೋಶವು ಕೆಡುತ್ತದೆ. ಸಿಂಪಡಿಸುವ ಮದ್ದು ಪಡೆದವರನ್ನು ಕನಿಷ್ಠ 2 ಗಂಟೆ ವೈದ್ಯರ ಕಣ್ಣೆದುರಿಗೆ ಇರಿಸತಕ್ಕದ್ದೆಂಬ ಅಮೆರಿಕದ ನಿಯಮವು ಯುಕ್ತವಾದುದೇ.

ಕೆಟಮಿನ್ ನಮ್ಮ ದೇಶದ ಕಾರ್ಖಾನೆಗಳಲ್ಲಿಯೇ ತಯಾರಾಗುತ್ತದೆ. 2013ರಲ್ಲಿ ಸರಕಾರದವರು ಅದನ್ನು ಕಟ್ಟುನಿಟ್ಟಿನ ಎಕ್ಸ್ ಷೆಡ್ಯೂಲಿಗೆ ಸೇರಿಸಿದುದು ಸರಿಯೇ. ಆದರೆ ಕಾವಲಿನಿಂದ ಮಾತ್ರ ಕರ್ತವ್ಯವು ಮುಗಿಯದು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಾರ್ವಜನಿಕ ಸಂಸ್ಥೆಗಳ ಮೂಲಕ ಮೂಲ ಔಷಧದ ದೊಡ್ಡ ಪರೀಕ್ಷೆಗೆ ಬೊಕ್ಕಸದಿಂದ ಹಣ ಕೊಟ್ಟು, ಫಲವು ಅನುಕೂಲವಾದಲ್ಲಿ ಸರಕಾರೀ ಆಸ್ಪತ್ರೆಗಳಲ್ಲಿ ತಜ್ಞರ ಕೈಯಿಂದಲೇ ಅದು ದೊರೆಯುವಂತೆ ಮಾಡಬೇಕು. ಸರಕಾರದವರು ವಿಳಂಬವಿಲ್ಲದೆ ಈ ಕಾರ್ಯಕ್ಕೆ ಕೈಹಾಕುವರೆಂದು ಹಾರೈಸುತ್ತೇವೆ.